ಅತ್ತೆಯ ಅಬ್ಬಬ್ಬಾ

ಅತ್ತೆಯ ಬಾಯಿಂದ 'ಅಬ್ಬಬ್ಬಾ!' ಹೊರಡುತ್ತಿದ್ದುದು ಬೇರೆ ಮನೆಯ ತಿಂಡಿಗೆ ಮಾತ್ರ. ಸೊಸೆ ಪ್ರಫುಲ್ಲಾ ಎಷ್ಟೇ ಮುತುವರ್ಜಿಯಿಂದ ಮಾಡಿದರೂ, 'ಹೂಂ, ತಿನ್ನಬಹುದು' ಎನ್ನುವುದರಾಚೆ ಅವರ ನಾಲಿಗೆ ಹೊರಳುತ್ತಿರಲಿಲ್ಲ.

ಆ ಮಾತನ್ನು ಒಮ್ಮೆಯಾದರೂ ಕೇಳಿಯೇ ತೀರಬೇಕೆಂದು ಪ್ರಫುಲ್ಲಾ ಹಟ ತೊಟ್ಟಳು. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ಕೋಡುಬಳೆ ಕರಿದು, ಪಕ್ಕದ ಮನೆಯಿಂದ ಕೇಳಿ ತಂದ ಡಬ್ಬಿಗೆ ಒಂದಿಷ್ಟು ತುಂಬಿ, ಮಿಕ್ಕಿದ್ದನ್ನು ಬಚ್ಚಿಟ್ಟಳು.

"ಅತ್ತೆ, ಪಕ್ಕದ್ಮನೆಯವರು ಕೊಟ್ರು."

ಅತ್ತೆ ಒಂದನ್ನು ಕಟುಂ ಎಂದು ಕಡಿದರು. "ಅಬ್ಬಬ್ಬಾ! ಕೋಡುಬಳೆ ಅಂದ್ರೆ ಇದು ನೋಡು! ಹೋಗಿ ಕಲ್ತ್ಕೋ ಅವರ ಹತ್ರ."

ಪ್ರಫುಲ್ಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಡಬ್ಬಿ ಬರಿದಾದ ಮೇಲೆ ಅತ್ತೆ ಅದನ್ನು ಅವಳ ಕೈಗಿಟ್ಟರು.

"ಬರೀ ಡಬ್ಬಿ ವಾಪಸ್ ಕಳಿಸ್ಬಾರ್ದು ಕಣೇ. ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದೀಯಲ್ಲ, ಅದರಲ್ಲೇ ನಾಕು ಕೋಡುಬಳೆ ಹಾಕಿ ಕೊಡು."