ನೋಡಿದಷ್ಟೂ ಸೊರಗುವ ನೀರು

ನೋಡಿದಷ್ಟೂ ಜಲಪಾತ ಸೊರಗುತ್ತದೆ ಎಂಬುದು ಬೆಟ್ಟದ ಮೇಲಿನ ಆ ಸರೋವರದ ಸುತ್ತ ಮಕ್ಕಳಿಗೂ ಗೊತ್ತು. ಅದಕ್ಕೆ ಧುಮುಕುತ್ತಿದ್ದ ಏಳು ಜಲಪಾತಗಳಲ್ಲಿ ಮೂರು ಆಗಲೇ ಬರೀ ಬಂಡೆಗಳಾಗಿದ್ದವು. ಅದಕ್ಕೇ ದಾರಿ ತೋರಿಸುವ ದ್ಯಾವಮ್ಮ ಪ್ರತಿ ಜಲಪಾತ ಹತ್ತಿರವಾದಂತೆ ಚಾರಣಿಗರ ಕಣ್ಣಿಗೆ ಬಟ್ಟೆ ಕಟ್ಟಿ, ತಾನೂ ಕಟ್ಟಿಕೊಂಡು, ಎಲ್ಲರಿಗೂ ಒಂದೇ ಹಗ್ಗ ಹಿಡಿಸಿ ನೀರಿನ ಸದ್ದನ್ನಷ್ಟೇ ಕೇಳಿಸುತ್ತಿದ್ದಳು.

ನಾಲ್ಕನೆಯದರ ಮುಂದೆ ನಿಂತಿದ್ದಾಗ ಸದ್ದು ಇದ್ದಕ್ಕಿದ್ದಂತೆ ಕುಗ್ಗಿತು. ದ್ಯಾವಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಯಾರು ಕಣ್ಣಿನ ಬಟ್ಟೆ ಬಿಚ್ಚಿದ್ದು?"

"ಒಂದೇ ಒಂದು ಸಲ ನೋಡ್ದೆ ಕಣಮ್ಮ," ಎಂದು ಸಾಲಿನ ಕೊನೆಯಲ್ಲಿದ್ದ ಉಪನ್ಯಾಸಕ ವೀರಭದ್ರಯ್ಯ ಗೊಣಗಿದರು. "ಇಷ್ಟು ದೂರ ಹತ್ತಿ ಬಂದು ನೋಡ್ದೇ ಹೋಗೋಕಾಗುತ್ತಾ?"

"ನಂಗೆ ಐವತ್ತೆಂಟು ವರ್ಸ ಸ್ವಾಮಿ. ಇದರ ಬುಡದಾಗೇ ಹುಟ್ಟಿದೋಳು. ಇದು ಬೆಳ್ಳಗೈತೋ ನೀಲಿಯಾಗೈತೋ ನಂಗೇ ಗೊತ್ತಿಲ್ಲ."

ಕದ್ದು ನೋಡಿದವರು ಕೆಳಗಿನ ಅದೇ ಸರೋವರದಿಂದ ನೀರು ಹೊತ್ತು ತಂದು ಜಲಪಾತದ ನೆತ್ತಿಯಲ್ಲಿ ಸುರಿಯಬೇಕೆಂಬುದು ಅಲ್ಲಿನ ಕಟ್ಟಳೆ. ಅವಳು ಕಣ್ಣಿನ ಬಟ್ಟೆ ಬಿಚ್ಚದೆಯೇ ತಡಕಾಡಿ, ಅಲ್ಲೇ ಇಟ್ಟಿದ್ದ ಬಿಂದಿಗೆಯೊಂದನ್ನು ಎತ್ತಿ ವೀರಭದ್ರಯ್ಯನವರ ಎದೆಗೆ ಒತ್ತಿದಳು.

"ಎಷ್ಟು ಬಿಂದಿಗೆ ಹಾಕ್ಬೇಕು?"

ದ್ಯಾವಮ್ಮ ಬಂಡೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕುಳಿತಳು.

"ಹಾಕ್ತಾ ಇರಿ. ಮೊದಲಿನಂಗೆ ಕೇಳಿಸ್ದಾಗ ನಾನೇ ಸಾಕು ಅಂತೀನಿ."