ಘಾಟದ ಫೋಟೊ

ಹಣಮವ್ವ ತನ್ನ ಕೈಗೆ ಬಂದ ಫೋಟೊವನ್ನು ಮುಂದಿನವರಿಗೆ ಕೊಡಲಿಲ್ಲ. ತಿಕೋಂಡಿಯ ಶಾಲೆಯ ಕಟ್ಟೆಯ ಮೇಲೆ ಕುಳಿತು ಬಾಳಾಸಾಹೇಬ ಮಾಸ್ತರರು ರಜೆಯಲ್ಲಿ ಅಂಬಾ ಘಾಟ ಸುತ್ತಿ ತೆಗೆದ ಫೋಟೊಗಳನ್ನು ಊರವರಿಗೆ ತೋರಿಸುತ್ತಿದ್ದರು. ಉಳಿದವರೆಲ್ಲ ಕಣಿವೆಯ ಆಳ ನೋಡಿ ಬೆರಗಾದರು. ಅವಳು ಮಾತ್ರ ಮೂಲೆಯಲ್ಲಿ ಜೋಳದ ಕಾಳಿನಷ್ಟು ಕಾಣುವ ಕುರುಬನನ್ನೇ ನೋಡುತ್ತಿದ್ದಳು. ಅವನು ಕಂಬಳಿ ಹೊದ್ದು, ಬೆನ್ನು ತಿರುಗಿಸಿ, ಕುರಿಗಳ ನಡುವೆ ನಿಂತಿದ್ದ.

ಅವಳ ಗಂಡ ಶಿದ್ರಾಯ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೋಗಿ ಎರಡು ವರ್ಷವಾಗಿತ್ತು. ಸುದ್ದಿಯೇ ಇರಲಿಲ್ಲ.

"ಇಲ್ಲಿಗಿ ಹೆಂಗ ಹೋಗೂದ್ರಿ, ಮಾಸ್ತರ?"

ಮಾಸ್ತರರು ಹುರುಪಿನಿಂದ ಹೇಳಿದರು. "ಮಿರಜದಾಗ ರೈಲು ಹತ್ತಿ ಕೊಲ್ಲಾಪುರಕ್ಕ ಹೋಗಬೇಕು. ಅಲ್ಲಿಂದ ಮಲಕಾಪುರಕ್ಕ ಬಸ್ಸು. ಮುಂದ ನಡಿಗಿ. ಥಂಡಿ ಭಾಳ, ಕಂಬಳಿ ಬೇಕs ಬೇಕು." ಅಷ್ಟರಲ್ಲಿ ಅವಳ ಬೆರಳು ಎಲ್ಲಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ದನಿ ತಗ್ಗಿತು. "ಮಾರಿ ಕಾಣೂದಿಲ್ಲ, ಹಣಮವ್ವ. ಆಂವ ಶಿದ್ರಾಯ ಅಲ್ಲದಿದ್ರ?"

ಹಣಮವ್ವ ಸೆರಗಿನಿಂದ ಫೋಟೊ ಒರೆಸಿ ಅವರ ಕೈಗಿತ್ತಳು.

"ಅಲ್ಲದಿದ್ರ ಅವನ್ನs ಕೇಳತೀನ್ರಿ. ಕುರಿ ಕಾಯಾವ್ರ ದಾರಿ ಕುರಿ ಕಾಯಾವ್ರಿಗಿ ಗೊತ್ತಿರತೈತಿ. ಮಲಕಾಪುರದಿಂದ ಎಷ್ಟು ಹರದಾರಿ ನಡೀಬೇಕ್ರಿ?"