ಎಡಗಡೆಯ ಸೀಟು

ಗಂಗುಲಪ್ಪನವರು ಹೊಸ ಟೈರಿನ ಪಕ್ಕೆಯನ್ನು ಎರಡೂ ಅಂಗೈಯಿಂದ ಅದುಮಿ ನೋಡಿದರು. ಅದು ಒಂದು ಚೂರೂ ಬಗ್ಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಟೈರನ್ನು ಅದುಮಿದರು. ಅದು ಸ್ವಲ್ಪ ಒಳಕ್ಕೆ ಹೋಯಿತು. ಅವರು ಮುಖ ಸಿಂಡರಿಸಿದರು.

“ಇದು ಬೇಡಪ್ಪ, ಮೆತ್ತಗಿದೆ. ಆ ಗಟ್ಟೀದೇ ಹಾಕ್ಬಿಡು. ಹಳೇವೂ ಅಂಥವೇ ಅಲ್ವಾ?”

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ರೇಷ್ಮೆಗೂಡು ಅದುಮಿ ನೋಡಿ ಕೊಂಡ ಕೈ ಅದು. ಗಟ್ಟಿ ಗೂಡು ಒಳ್ಳೆಯದು, ಮೆತ್ತನೆಯದು ಕಳಪೆ. ಈ ಒಂದೇ ಪಾಠದಲ್ಲಿ ಅವರು ಬದುಕನ್ನೆಲ್ಲ ಪಾಸು ಮಾಡಿದ್ದರು. ಕಲ್ಲಂಗಡಿ, ಹಾಸಿಗೆ, ಮೂರು ವರ್ಷದ ಹಿಂದೆ ಕಾರಿನ ಟೈರು, ಎಲ್ಲವನ್ನೂ ಆರಿಸಿದ್ದು ಹಾಗೆಯೇ. ನೂಲು ತೆಗೆಯುವ ಕೆಲಸವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಅರವತ್ತನೆಯ ವಯಸ್ಸಿನಲ್ಲಿ ಅವರು ಎರಡೇ ಸೀಟಿನ ಹಳದಿ ಸ್ಪೋರ್ಟ್ಸ್ ಕಾರು ತಂದಾಗ ಬೀದಿಗೆ ಬೀದಿಯೇ ನಕ್ಕಿತ್ತು. ಹೆಂಡತಿ ಆದಿಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಸೆರಗು ಸರಿಮಾಡಿಕೊಂಡು, ತಲೆ ಬಗ್ಗಿಸಿ, ಎಡಗಡೆಯ ಸೀಟಿನಲ್ಲಿ ಹೋಗಿ ಕೂತಿದ್ದರು.

ಆಮೇಲೆ ಪ್ರತಿ ಭಾನುವಾರ ಇಬ್ಬರೂ ಕೈವಾರಕ್ಕೆ ಹೋಗಿ ಬರುವುದು ರೂಢಿಯಾಯಿತು. ಆರು ತಿಂಗಳಿಂದ ಅದು ನಿಂತಿತ್ತು. “ನಂಗ್ಯಾಕೋ ಕಾರಿನ ಮೇಲೆ ಆಸೇನೇ ಹೋಯ್ತು ಕಣ್ರೀ. ಬಸ್ಸೇ ಸುಖ” ಎಂದುಬಿಟ್ಟಿದ್ದರು ಆದಿಲಕ್ಷ್ಮಮ್ಮ. ತನ್ನ ಮೇಲಿನ ಆಸೆಯೇ ಹೋಯಿತೇನೋ ಎಂದು ಗಂಗುಲಪ್ಪನವರು ಒಳಗೊಳಗೇ ಕೊರಗಿದ್ದರು. ಕೊನೆಗೆ, ಸವೆದ ಟೈರು ನೋಡಿ ಹೆದರಿರಬೇಕು, ಹೊಸದು ಹಾಕಿಸಿದರೆ ಬಂದಾಳು ಎಂದು ಸಮಾಧಾನ ಮಾಡಿಕೊಂಡು ಚಿಂತಾಮಣಿಯ ಈ ಅಂಗಡಿಗೆ ಬಂದಿದ್ದರು. ಅಂಗಡಿಯ ರಮೇಶ್‌ಬಾಬು ಅವರಿಗಾಗಿ ಬೆಂಗಳೂರಿನಿಂದ ಎರಡು ಬಗೆಯ ಟೈರು ತರಿಸಿಟ್ಟಿದ್ದ.

“ಅದು ಪಂಕ್ಚರ್ ಆದ್ರೂ ಓಡೋ ಟೈರು ಅಣ್ಣಾ. ಅದಕ್ಕೇ ಪಕ್ಕೆ ಕಲ್ಲಿನ ಹಾಗಿದೆ. ಕೂತೋರಿಗೆ ಕಷ್ಟ” ಎಂದ ರಮೇಶ್‌ಬಾಬು.

“ನಂಗೇನೂ ಕಷ್ಟ ಆಗಿಲ್ವಲ್ಲ! ಈ ಕಾರಲ್ಲಿ ಸ್ಟೆಪ್ನಿ ಇಡೋಕೂ ಜಾಗ ಇಲ್ಲ ನೋಡು. ಪಂಕ್ಚರ್ ಆಗಿ, ನಮ್ಮೋಳು ರಸ್ತೆ ಪಕ್ಕ ಬಿಸಿಲಲ್ಲಿ ನಿಂತ್ಕೋಬಾರ್ದು.”

ರಮೇಶ್‌ಬಾಬು ವಾದಕ್ಕೆ ಇಳಿಯಲಿಲ್ಲ. ಕೀ ಕೊಡಿ ಎಂದು ಕೈ ಚಾಚಿದ. ಗಿರಾಕಿಯನ್ನು ಎಡಗಡೆ ಕೂರಿಸಿ, ತಾನೇ ಕಾರು ಓಡಿಸಿ ಒಂದು ಸುತ್ತು ಹೊಡೆಯದೆ ಆತ ಯಾರಿಗೂ ಇಂಥ ಟೈರು ಹಾಕುತ್ತಿರಲಿಲ್ಲ. ಅದು ಅವನ ಅಂಗಡಿಯ ಕಟ್ಟಳೆ.

“ಸ್ಟೀರಿಂಗ್ ಕೈಯಲ್ಲಿದ್ರೆ ಯಾರಿಗೂ ರಸ್ತೆ ಗೊತ್ತಾಗಲ್ಲ. ರಾ ಅಣ್ಣಾ, ಆ ಕಡೆ ಕೂತ್ಕೊ.”

ಗಂಗುಲಪ್ಪನವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹಳೆಯ ಗಟ್ಟಿ ಟೈರಿನಲ್ಲೇ ಕಾರು ಕೈವಾರದ ರಸ್ತೆಗೆ ತಿರುಗಿದ ಕೂಡಲೇ ಮೊದಲ ಹಂಪ್ ಸೊಂಟಕ್ಕೆ ಬಡಿಯಿತು. ಎರಡನೆಯದು ಬೆನ್ನುಮೂಳೆಯಲ್ಲಿ ಹತ್ತಿಕೊಂಡು ಕುತ್ತಿಗೆಯವರೆಗೆ ಬಂತು. ಗುಂಡಿಯೊಂದಕ್ಕೆ ಇಳಿದಾಗ “ಅಯ್ಯಮ್ಮಾ” ಎಂದು ಚೀರಿಯೇಬಿಟ್ಟರು. ಓಡಿಸುವವನಿಗೆ ಮುಂದೇನು ಬರುತ್ತದೆಂದು ಗೊತ್ತಿರುತ್ತದೆ, ಮೈ ಬಿಗಿ ಹಿಡಿಯುತ್ತಾನೆ. ಪಕ್ಕದಲ್ಲಿ ಕೂತವರಿಗೆ ಏಟು ಬಿದ್ದ ಮೇಲೆಯೇ ಗೊತ್ತಾಗುವುದು. ಆಸರೆಗೆಂದು ಬಾಗಿಲ ಹಿಡಿಗೆ ಕೈ ಹಾಕಿದರು. ಹಿಡಿಯ ಕಪ್ಪು ತೊಗಲಿನಲ್ಲಿ ನಾಲ್ಕು ಬೆರಳಿನಷ್ಟು ಜಾಗ ಸವೆದು ಬಿಳುಪಾಗಿತ್ತು. ಅವರ ದಪ್ಪ ಬೆರಳುಗಳಿಗೆ ಆ ಜಾಗ ಸಾಲಲಿಲ್ಲ. ಆದಿಲಕ್ಷ್ಮಮ್ಮನನ್ನು ಬಿಟ್ಟು ಆ ಸೀಟಿನಲ್ಲಿ ಬೇರೆ ಯಾರೂ ಕೂತವರಲ್ಲ.

“ನಿಲ್ಸಪ್ಪ” ಎಂದರು.

ರಮೇಶ್‌ಬಾಬು ಕಾರನ್ನು ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದ. “ಏನಾಯ್ತಣ್ಣಾ?”

“ಎರಡೂವರೆ ವರ್ಷ ಕಣೋ. ಪ್ರತಿ ಭಾನುವಾರ. ಒಂದ್ಸಲ ಆದ್ರೂ ಬಾಯಿ ಬಿಡ್ಲಿಲ್ಲ ಅವಳು.” ಗಂಗುಲಪ್ಪನವರು ಹಿಡಿಯ ಆ ಬಿಳುಪು ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಹೆಂಡತಿಯ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ನಾಚಿಕೆ. “ಮೆತ್ತಂದೇ ಹಾಕು. ಇರೋದ್ರಲ್ಲೆಲ್ಲ ಮೆತ್ತಂದು.”

“ಯೋಚ್ನೆ ಮಾಡಣ್ಣಾ. ಪಂಕ್ಚರ್ ಆದ್ರೆ?”

“ಆಗ್ಲಿ. ಇಬ್ರೂ ಮರದ ಕೆಳಗೆ ಕೂತ್ಕೋತೀವಿ.”

ಅಂಗಡಿಯಲ್ಲಿ ನಾಲ್ಕೂ ಚಕ್ರ ಬಿಚ್ಚಿ ಹೊಸ ಟೈರು ಕೂರಿಸುತ್ತಿದ್ದಾಗ ಅವರಿಗೆ ಕಾಯುವ ತಾಳ್ಮೆ ಉಳಿಯಲಿಲ್ಲ. ಹೊರಗೆ ಬಂದು ಮನೆಗೆ ಫೋನ್ ಮಾಡಿದರು.

“ಬೆನ್ನು ನೋವು ಎಷ್ಟು ದಿನದಿಂದ?” ಹಲೋ ಕೂಡ ಅನ್ನಲಿಲ್ಲ.

ಆದಿಲಕ್ಷ್ಮಮ್ಮ ಕೇಳಿದರು. “ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಿಲ್ಲ. ನಿನ್ ಸೀಟಲ್ಲಿ ಕೂತಿದ್ದೆ ಕಣೇ.”

ಆ ಕಡೆ ಕುಕ್ಕರ್ ಕೂಗಿತು.

“ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಅಷ್ಟು ನೋವು ತಿನ್ಕೊಂಡು ಯಾಕೆ ಕೂತಿದ್ದೆ?” ಗಂಗುಲಪ್ಪನವರ ದನಿ ಏರಿತ್ತು, ಕಣ್ಣು ತುಂಬಿತ್ತು.

“ಹೇಳಿದ್ರೆ ಮಾರನೇ ದಿನಾನೇ ಕಾರು ಮಾರಿಬಿಡ್ತಿದ್ರಿ, ಗೊತ್ತಿಲ್ವಾ ನಂಗೆ?” ಎಂದರು ಆದಿಲಕ್ಷ್ಮಮ್ಮ. ಆಮೇಲೆ ನಾಚಿಕೊಂಡವರಂತೆ ಸಣ್ಣಗೆ ಹೇಳಿದರು. “ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು ಕಣ್ರೀ. ನೀವು ಹಾಡು ಹೇಳಿದ್ದು ನಾನು ಮೊದಲು ಕೇಳಿದ್ದೇ ಆ ಕಾರಲ್ಲಿ.”